ಸುಣ್ಣ ಬಳಿದ ಸ್ಟ್ರೋಕು

ನಮ್ಮ ಅಂಗಡಿ ಬೋರ್ಡಿನಲ್ಲಿ ಅಪ್ಪನ ಹೆಸ್ರಿನ ಮೇಲೆ ಮೂರೇ ಪದ ಇದ್ದಿದ್ದು. ಅದ್ರಲ್ಲಿ ಮಧ್ಯದ ಪದಕ್ಕೆ ನಮ್ಮವ್ವ ಸುಣ್ಣ ಬಳಿದುಬುಟ್ಲು. ಈಗ ಹುಣಸೂರು ದಾಟಿ ಪಿರಿಯಾಪಟ್ಣದ ಕಡೆ ಹೋಗೋರು ಕತ್ತೆತ್ತಿ ನೋಡಿದ್ರೆ ಮೊದ್ಲು 'ಟೂ' ಅಂತ ಕಾಣ್ತದೆ, ಆಮೇಲೆ ಬೆಳ್ಳಗೊಂದು ಪಟ್ಟೆ, ಆಮೇಲೆ 'ಸ್ಪೆಷಲಿಸ್ಟ್', ಕೆಳಗೆ 'ಚೆಲುವರಾಜು'. ಯಾತರ ಸ್ಪೆಷಲಿಸ್ಟಮ್ಮಾ ನಿಮ್ಮಪ್ಪ ಅಂತ ಕೇಳೋರಿಗೆ ಉತ್ತರ ಕೊಟ್ಟೂ ಕೊಟ್ಟೂ ನನ್ನ ಬಾಯಿ ಒಣಗೋಯ್ತು.

ಬಳಿದಿದ್ದು 'ಸ್ಟ್ರೋಕ್' ಅನ್ನೋ ಪದ. ಟೂ ಸ್ಟ್ರೋಕ್ ಗಾಡಿ ಗೊತ್ತಲ್ಲ, ಹಳೇ ಆರೆಕ್ಸು, ಎಜ್ಡಿ, ಹಳೇ ಸ್ಕೂಟರು, ಹೊಗೆ ಬಿಟ್ಕೊಂಡು ಟರ್ರಂತ ಹೋಗೋವು. ಅವುಗಳ ಇಂಜಿನ್ ಕೆಲ್ಸದಲ್ಲಿ ನಮ್ಮಪ್ಪನ್ನ ಮೀರಿಸೋರು ಹುಣಸೂರು, ಪಟ್ಣ, ಕೋಟೆ, ಕೆ.ಆರ್. ನಗರ, ಈ ನಾಲ್ಕು ತಾಲೂಕಲ್ಲೂ ಇರ್ಲಿಲ್ಲ. ಹೋದ ವರ್ಷ ಯುಗಾದಿ ಕಳೆದ್ಮೇಲೆ ಒಂದಿನ ಬೆಳಿಗ್ಗೆ ಅಪ್ಪಂಗೇ ಸ್ಟ್ರೋಕ್ ಹೊಡೀತು. ಎಡಗಾಲು, ಎಡಗೈ ಎರಡೂ ಬಿದ್ದೋದ್ವು. ಕಾಲು ನಿಧಾನಕ್ಕೆ ಎದ್ದು ಬಂತು, ಮಾತೂ ಸರಿಹೋಯ್ತು. ಕೈ ಮಾತ್ರ ಅರ್ಧಂಬರ್ಧ. ಅವತ್ತಿಂದ ನಮ್ಮನೇಲಿ ಆ ಪದ ಯಾರೂ ಆಡಂಗಿಲ್ಲ. ಆಡಿದ್ರೆ ಅದು ತಿರುಗಾ ಹೊಸ್ತಿಲು ದಾಟ್ಕೊಂಡು ಒಳಕ್ಕೆ ಬತ್ತದೆ ಅನ್ನೋದು ನಮ್ಮವ್ವ ಮಾಯಮ್ಮನ ಲೆಕ್ಕಾಚಾರ. ಬೋರ್ಡಲ್ಲಿ ಅಷ್ಟು ದಪ್ಪಕ್ಷರದಲ್ಲಿ ಬರೆಸಿ ಕರೆದದ್ದಕ್ಕೇ ಅದು ಬಂದಿದ್ದು ಅಂತ ಅವ್ಳೇ ಏಣಿ ಹತ್ತಿ ಬಳಿದ್ಲು.

ಕೈಗೆ ಕೆಲ್ಸ ಕೊಡಿ, ಕೊಟ್ಟಷ್ಟೂ ಬರ್ತದೆ ಅಂತ ಡಾಕ್ಟ್ರು ಬಾಯಿ ಬಡ್ಕೊಂಡು ಹೇಳಿದ್ರು. ಯಾರು ಕೇಳ್ತಾರೆ? ಅಪ್ಪ ಅಂಗಡಿ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು, ಎಡಗೈನ ತೊಡೆ ಮೇಲೆ ಇಟ್ಕೊಂಡು, ರಸ್ತೆ ನೋಡ್ಕೊಂಡು ಕೂತ್ಬುಟ್ಟ. ಒಂದ್ ಸ್ಪಾನರ್ ಮುಟ್ಲಿಲ್ಲ. ಅವ್ವ ಅನ್ನ ಕಲಸಿ ಕೊಡೋಳು. ನೀರಿನ ಲೋಟ ಜಾರಿ ಬಿದ್ರೆ ನಾವಿಬ್ರೂ ಓಡೋಡಿ ಹೋಗಿ "ಪರವಾಗಿಲ್ಲ ಬುಡಿ" "ಏನಾಗಲ್ಲ ಬುಡಪ್ಪ" ಅಂತಿದ್ವಿ. ಮುಂಚೆ ಹಿಂಗಿರ್ಲಿಲ್ಲ. ನಾನು ಐಟಿಐ ಮುಗಿಸಿ ಅಂಗಡಿಗೆ ಬಂದ ದಿನದಿಂದ ಅಪ್ಪ ನಂಗೆ ಬೈದೇ ಕೆಲ್ಸ ಕಲಿಸಿದ್ದು. ನಾನೂ ಬಿಡ್ತಿರ್ಲಿಲ್ಲ. ನಂಗೆ ಮೂಗಿನ ತುದೀಲೇ ಕೋಪ, ಅಪ್ಪಂಗೂ ಅಲ್ಲೇ. ನಮ್ಮಿಬ್ರ ಜಗಳ ಕೇಳಕ್ಕೇ ಎದುರುಗಡೆ ಟೀ ಅಂಗಡೀಲಿ ಜನ ಇನ್ನೊಂದು ಟೀ ಹೇಳೋರು. ಈಗ ಅಂಗಡೀಲಿ ನನ್ನೊಬ್ಬಳ ಸುತ್ತಿಗೆ ಸದ್ದು ಬಿಟ್ರೆ ಇನ್ನೇನಿಲ್ಲ. ನಂಗೆ ಬೇಕಾಗಿದ್ದು ಒಂದೇ, ಅಪ್ಪ ಆ ಕುರ್ಚಿ ಬಿಟ್ಟು ಎದ್ದು ಬಂದು ಒಂದ್ ಇಂಜಿನ್ನಿಗೆ ಕೈ ಹಾಕ್ಬೇಕು. ಅದೊಂದು ಆಗ್ಲಿಲ್ಲ ಅಂದ್ರೆ ಅಪ್ಪ ಬದುಕಿದ್ದೂ ಹೋದಂಗೆ ಅಂತ ನಂಗೆ ದಿನಾ ಅನ್ನಿಸೋದು.

ಹಿಂಗಿರುವಾಗ ಹಂಪಾಪುರದ ಕಾಂತರಾಜ್ ತನ್ನ ಆರೆಕ್ಸ್ ಇಂಜಿನ್ನನ್ನ ಗೋಣಿಚೀಲದಲ್ಲಿ ಸುತ್ಕೊಂಡು ಬಂದ. ಭಾನುವಾರ ಅವರೂರಲ್ಲಿ ಹೊಗೆಸೊಪ್ಪು ತೆಗೆದ ಹೊಲದಲ್ಲಿ ಮಣ್ಣಿನ ರೇಸು. ಜೊತೆಗೆ ಪೇಪರ್ ಸುತ್ತಿದ್ದ ಇನ್ನೊಂದು ಗಂಟು ಬಿಚ್ಚಿದ.

"ಅಕ್ಕಾ, ಮೈಸೂರಲ್ಲಿ ಒಬ್ಬನತ್ರ ಉದ್ದದ ಕ್ರ್ಯಾಂಕ್ ಸಿಕ್ತು. ಸೆಕೆಂಡ್ ಹ್ಯಾಂಡು. ಇದ್ನ ಹಾಕಿ ಸ್ಟ್ರೋ..." ಅಂದ.

"ಶ್!" ಅಂದೆ ನಾನು. ಒಳಗಡೆ ಅವ್ವನ ಒಗ್ಗರಣೆ ಸದ್ದು ನಿಂತೋಗಿತ್ತು.

"...ಅದೇ ಅಕ್ಕಾ, ಅದ್ನ ಜಾಸ್ತಿ ಮಾಡ್ಕೊಡಿ. ಆದ್ರೆ ಕೈಯಲ್ಲಿ ಹೆಚ್ಚಿಗೆ ಕಾಸಿಲ್ಲ. ಬಾಕಿದೆಲ್ಲ ಹಳೇ ಸಾಮಾನಲ್ಲೇ ಆಗ್ಬೇಕು."

ಬೇರೆ ಯಾರಾದ್ರೂ ಆಗಿದ್ರೆ ಗೋಣಿಚೀಲದ ಸಮೇತ ಆಚೆಗೆ ಕಳಿಸ್ತಿದ್ದೆ. ಕಾಸಿಲ್ಲ, ಟೈಮಿಲ್ಲ, ಕೆಲ್ಸ ನೋಡಿದ್ರೆ ತಲೆನೋವಿಂದು. ಆದ್ರೆ ಅಷ್ಟೊತ್ತಿಗೆ ಬಾಗಿಲ ಕಡೆ ನೋಡ್ದೆ. ಅಪ್ಪನ ಕಣ್ಣು ರಸ್ತೆಯಿಂದ ಸರಿದು ಆ ಕ್ರ್ಯಾಂಕಿನ ಮೇಲೆ ಒಂದ್ಸಲ ಹೋಗಿ ಬಂತು. ಅಷ್ಟೇ. ಅಷ್ಟು ಸಾಕಾಯ್ತು ನಂಗೆ. "ಮಾಡ್ಕೊಡ್ತೀನಿ, ಹೋಗು" ಅಂದ್ಬುಟ್ಟೆ.

ಮೆಕ್ಯಾನಿಕ್ ಅಲ್ದೋರಿಗೆ ಒಂದ್ ಮಾತು ಹೇಳ್ಬುಡ್ತೀನಿ. ಬ್ಯಾರಲ್ ಅನ್ನೋ ಕೊಳವೆ ಒಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಓಡಾಡ್ತದಲ್ಲ, ಆ ಓಡಾಟದ ಉದ್ದಕ್ಕೇ ಸ್ಟ್ರೋಕ್ ಅನ್ನೋದು. ಉದ್ದ ಜಾಸ್ತಿ ಆದ್ರೆ ಇಂಜಿನ್ನಿಗೆ ಎಳೆತ ಜಾಸ್ತಿ. ತಾಪತ್ರಯ ಏನಪ್ಪಾ ಅಂದ್ರೆ, ಪಿಸ್ಟನ್ನನ್ನ ಓಡಾಡ್ಸೋ ಕ್ರ್ಯಾಂಕ್ ಉದ್ದ ಆಯ್ತು, ಬ್ಯಾರಲ್ ಅಷ್ಟೇ ಇದೆ. ಪಿಸ್ಟನ್ನು ಮೇಲಕ್ಕೆ ಬಂದಾಗ ಬ್ಯಾರಲ್ ಬಾಯಿಂದ ಆಚೆ ಕತ್ತು ಹಾಕಿ ಹೆಡ್ಡಿಗೆ, ಅಂದ್ರೆ ಮೇಲಿನ ಮುಚ್ಚಳಕ್ಕೆ, ಗುದ್ದುತ್ತೆ. ಬ್ಯಾರಲ್ ಬುಡಕ್ಕೆ ಒಂದ್ ತಟ್ಟೆ ಕೊಟ್ಟು ಎತ್ತರಿಸ್ಬೋದು, ಆದ್ರೆ ಆವಾಗ ಬ್ಯಾರಲ್ ಗೋಡೇಲಿರೋ ಕಿಂಡಿಗಳೂ ಮೇಲಕ್ಕೆ ಹೋಗಿ, ಗಾಡಿ ಬರೀ ಕಿರುಚ್ತದೆ, ಮಣ್ಣಲ್ಲಿ ಎಳೆಯಲ್ಲ. ಕೊಯಮತ್ತೂರಲ್ಲಿ ಅಳತೆ ಕೊಟ್ಟು ಹೊಸ ಪಿಸ್ಟನ್ ಮಾಡಿಸ್ಬೋದು, ಅದು ಕಾಂತರಾಜನ ಕೈಲಿ ಆಗೋ ಮಾತಲ್ಲ. ಉಳಿದಿದ್ದು ಒಂದೇ ದಾರಿ. ಬೇರೆ ಯಾವ್ದಾದ್ರೂ ಹಳೇ ಗಾಡಿ ಪಿಸ್ಟನ್ನು, ಅದ್ನ ಕ್ರ್ಯಾಂಕಿನ ರಾಡಿಗೆ ಸಿಗಿಸೋ ಪಿನ್ನಿನ ತೂತು ತಲೆಗೆ ಹತ್ರ ಇರೋದು ಹುಡುಕ್ಬೇಕು. ತೂತು ಮೇಲಿದ್ರೆ ಪಿಸ್ಟನ್ನು ಅಷ್ಟು ಕೆಳಗೆ ಕೂರ್ತದೆ, ಗುದ್ದೋದು ತಪ್ತದೆ.

ಅಟ್ಟದ ಮೇಲಿನ ಡಬ್ಬಗಳನ್ನೆಲ್ಲ ಇಳಿಸಿ ಜಾಲಾಡ್ದೆ. ಒಂದು ಹಳೇ ಸ್ಕೂಟರಿನ ಪಿಸ್ಟನ್ನು ಸಿಕ್ತು, ತೂತು ಮೇಲೇ ಇತ್ತು, ಆದ್ರೆ ತೂತೇ ಸಣ್ಣದು, ನಮ್ಮ ಪಿನ್ನು ಹೋಗಲ್ಲ. ಇನ್ನೊಂದು ಯಾವ್ದೋ ನಿಂತೋದ ಕಂಪನಿ ಗಾಡೀದು, ಅದ್ರ ತಲೆ ಉಬ್ಬು, ಅದೂ ಗುದ್ದುತ್ತೆ. ಎರಡ್ನೂ ಪೇಪರ್ ಮೇಲೆ ಇಟ್ಟು ಅಪ್ಪನ ಕುರ್ಚಿ ಪಕ್ಕದ ಸ್ಟೂಲಿನ ಮೇಲೆ ಜೋಡಿಸ್ದೆ.

"ಅಪ್ಪಾ, ಇದ್ರಲ್ಲಿ ಯಾವ್ದು ನಡೀತದೆ ನೋಡ್ತೀಯಾ?" ಅಂದೆ. ಮೆತ್ತಗೆ ಅಂದೆ, ಮಗೂಗೆ ಮಾತ್ರೆ ನುಂಗಿಸೋ ಹಂಗೆ.

"ನಂಗೇನ್ ಗೊತ್ತಾಯ್ತದೆ ಮಗಾ. ನೀನೇ ನೋಡ್ಕೊ" ಅಂದ. ಮುಖ ರಸ್ತೆ ಕಡೆಗೇ.

ನಾನು ಸ್ಟೂಲು ಎತ್ತಲಿಲ್ಲ. ಅಲ್ಲೇ ಬಿಟ್ಟೆ. ವರ್ನಿಯರ್ ಹಿಡ್ಕೊಂಡು ಅಪ್ಪನ ಎದುರಿಗೇ ನಿಂತು ಅಳತೆ ತಗೊಂಡೆ, ಅಳತೇನ ಗಟ್ಟಿಯಾಗಿ ಓದ್ದೆ, ಬೇಕಂತಲೇ ಒಂದ್ಸಲ ತಪ್ಪು ಓದ್ದೆ. ಮುಂಚಿನ ಅಪ್ಪ ಆಗಿದ್ರೆ ವರ್ನಿಯರ್ ಕಿತ್ಕೊಂಡು ತಲೆಗೆ ಮೊಟಕ್ತಿದ್ದ. ಈ ಅಪ್ಪ ಹಾಲಿನ ವ್ಯಾನು ಹೋಗೋದ್ನ ನೋಡ್ದ. ನಂಗೆ ತಲೆ ಕೆಟ್ಟು ಕೆರ ಹಿಡೀತು. ಕೂತ್ರೆ ನಿಲ್ಬೇಕು, ನಿಂತ್ರೆ ಓಡಾಡ್ಬೇಕು. ಊಟದ ಮುಂದೆ ಕೂತು ಎದ್ದು ಹೋಗಿ ಪಿಸ್ಟನ್ ನೋಡೋದು, ತಿರುಗಾ ಬಂದು ಕೂರೋದು. ಸಾರು ತಣ್ಣಗಾಗ್ತಿತ್ತು, ಅವ್ವ ಬಯ್ತಿದ್ಲು.

ಗುರುವಾರ ಬೆಳಿಗ್ಗೆ ಬ್ಯಾರಲ್ಲನ್ನ ಚೀಲಕ್ಕೆ ಹಾಕ್ಕೊಂಡು ಪಿರಿಯಾಪಟ್ಣದ ಬಸ್ ಹತ್ತಿದೆ. ಅಲ್ಲಿ ಹಳೇ ಸಾಮಾನು ಮಾರೋನೊಬ್ಬನ ಗುಡ್ಡೇನೆಲ್ಲ ಕೆದಕಿ, ಕೈಯೆಲ್ಲ ಕಪ್ಪಾಗಿ, ಕೊನೆಗೆ ಒಂದ್ ಪಿಸ್ಟನ್ ಸಿಕ್ತು ನೋಡಿ! ಪಿನ್ನಿನ ತೂತು ಎಷ್ಟು ಬೇಕೋ ಅಷ್ಟು ಮೇಲೆ. ತೂತಿನ ಗಾತ್ರ ನಮ್ಮದೇ. ತಲೆ ಸಪಾಟು. ಖುಷಿಗೆ ಕುಣಿದಾಡೋದೊಂದು ಬಾಕಿ. ಅಲ್ಲೇ ಬಸ್ ಸ್ಟ್ಯಾಂಡಲ್ಲಿ ನಿಂತು ಕಾಂತರಾಜಂಗೆ ಫೋನ್ ಹಚ್ಚಿದೆ.

ಹೊಗೆಸೊಪ್ಪು ಹರಾಜಿನ ಕಾಲ, ಬಸ್ ಸ್ಟ್ಯಾಂಡಲ್ಲಿ ಕಾಲಿಡಕ್ಕೆ ಜಾಗ ಇಲ್ಲ. ಆ ಕಡೆ ಅವ್ನು ಟ್ರ್ಯಾಕ್ಟರ್ ಮೇಲಿದ್ದ, ಏನೂ ಕೇಳಿಸ್ತಿಲ್ಲ ಅಂತಿದ್ದ. ನಾನು ಕಿರುಚಿದೆ. ಮನೇಲಿ ಅದುಮಿಟ್ಕೊಂಡಿದ್ದ ಪದಾನೆಲ್ಲ ಅಲ್ಲಿ ಬಿಟ್ಟೆ.

"ಸ್ಟ್ರೋಕು ಕಣೋ, ಸ್ಟ್ರೋಕು! ಜಾಸ್ತಿ ಆಗ್ಬುಟ್ಟು ತಲೆಗೇ ಹೊಡೀತಾ ಅದೆ! ... ಹೂಂ ಕಣೋ, ಟೂ ಸ್ಟ್ರೋಕು! ... ಹಿಂಗೇ ಬುಟ್ರೆ ಭಾನುವಾರದ ತನಕ ಬಾಳಲ್ಲ! ... ಏನು? ಅಪ್ಪನಾ? ಅಪ್ಪ ಮಾತೇ ಆಡ್ತಿಲ್ಲ, ಸುಮ್ನೆ ಕಣ್ ಬಿಟ್ಕೊಂಡು ಕೂತವ್ನೆ! ... ಈಗ ಕೆ.ಆರ್. ನಗರಕ್ಕೆ ತಗೊಂಡೋಯ್ತಾ ಇವ್ನಿ, ಅಲ್ಲಿ ಕೊಯ್ದು ಸರಿ ಮಾಡ್ತಾರೆ!"

ಕೊಯ್ಯೋದು ಅಂದ್ರೆ ಬ್ಯಾರಲ್ಲನ್ನ, ಸಿಕ್ಕಿದ ಪಿಸ್ಟನ್ನಿನ ದಪ್ಪಕ್ಕೆ ಸರಿಯಾಗಿ, ಲೇತಲ್ಲಿ. ಅದು ನಂಗೆ ಗೊತ್ತು, ಕಾಂತರಾಜಂಗೆ ಗೊತ್ತು. ನನ್ನ ಹಿಂದೆ ಟೀ ಕುಡೀತಾ ನಿಂತಿದ್ದ ಶಿವನಂಜಪ್ಪಂಗೆ ಗೊತ್ತಿರ್ಲಿಲ್ಲ. ಈ ಶಿವನಂಜಪ್ಪ ಅಪ್ಪನ ಹುಟ್ಟೂರಿನೋನು, ಸೊಪ್ಪು ಹರಾಜಿಗೆ ಬಂದಿದ್ದ. ತಿರುಗಿ ನೋಡ್ದಾಗ ಅರ್ಧ ಟೀ ಅಲ್ಲೇ ಇಟ್ಟು ದಡಬಡ ಅಂತ ಹೋಗ್ತಿದ್ದ. ಬಸ್ಸಿಗೆ ಹೊತ್ತಾಯ್ತೇನೋ ಪಾಪ ಅಂದ್ಕೊಂಡೆ. ಅಷ್ಟೊತ್ತಿಗೆ ನನ್ನ ಫೋನಿನ ಚಾರ್ಜೂ ಮುಗೀತು.

ಕೆ.ಆರ್. ನಗರದ ಲೇತ್ ಅಂಗಡೀಲಿ ಕರೆಂಟಿಲ್ಲ. ಈಗ ಬತ್ತದೆ ಆಗ ಬತ್ತದೆ ಅಂತ ಮಧ್ಯಾಹ್ನವೆಲ್ಲ ಕಾದೆ. ಕೂತಲ್ಲಿ ಕೂರಕ್ಕಾಗ್ತಿಲ್ಲ, ಬಾಗಿಲಿಗೂ ಬೀದಿಗೂ ಓಡಾಡ್ತಿದ್ದೆ. ಕೊನೆಗೆ ಬ್ಯಾರಲ್ ಅಲ್ಲೇ ಬಿಟ್ಟು, ಪಿಸ್ಟನ್ನಿನ ಅಳತೆ ಮನೇಲಿ ತಗೊಂಡು ನಾಳೆ ಫೋನಲ್ಲಿ ಹೇಳ್ತೀನಿ ಅಂತ ಹೇಳಿ, ಪಿಸ್ಟನ್ ಒಂದನ್ನ ವೇಲಲ್ಲಿ ಕಟ್ಕೊಂಡು ಬಸ್ ಹತ್ತಿದೆ.

ಹೊತ್ತು ಇಳಿಯೋ ಹೊತ್ಗೆ ಹುಣಸೂರಲ್ಲಿ ಇಳಿದು ಅಂಗಡಿ ಹತ್ರ ಬರ್ತೀನಿ, ಬಾಗಿಲಲ್ಲಿ ಅಪ್ಪನ ಕುರ್ಚಿ ಖಾಲಿ! ಅಂಗಡಿ ಹಿಂದೇನೇ ನಮ್ಮನೆ. ಮನೆ ಮುಂದೆ ಚಪ್ಪಲಿ ರಾಶಿ. ಒಳಗಿಂದ ಹೆಂಗಸ್ರು ಅಳೋ ಸದ್ದು.

ಅಯ್ಯೋ ಶಿವನೇ, ಅಪ್ಪ ಹೋಗ್ಬುಟ್ನಾ. ನಾನು ಪಿಸ್ಟನ್ನು ಪಿಸ್ಟನ್ನು ಅಂತ ಊರೂರು ಅಲೀತಿದ್ದಾಗ ಇಲ್ಲಿ ಅಪ್ಪ ನನ್ನ ಹೆಸ್ರು ಕರೆದ್ನೋ ಏನೋ. ಆ ಚಪ್ಪಲಿಗಳ ಮಧ್ಯೆ ನಿಂತು ನಾನೂ ಜೋರಾಗಿ ಅಳಕ್ಕೆ ಶುರು ಮಾಡ್ದೆ.

"ಲೇ! ಯಾರು ಸತ್ರು ಅಂತ ನೀನೂ ಅಳ್ತಿದ್ದೀಯೇ?" ಅಂತ ಒಳಗಿಂದ ಅಪ್ಪನ ದನಿ.

ಓಡಿದೆ ಒಳಕ್ಕೆ. ನಡುಮನೆ ತುಂಬ ನೆಂಟ್ರು. ಮಧ್ಯೆ ಚಾಪೆ ಮೇಲೆ ಅಪ್ಪ ಕೂತವ್ನೆ, ಸುತ್ತ ಎಳನೀರು, ಬ್ರೆಡ್ಡು, ಮೂಸಂಬಿ ಗುಡ್ಡೆ. ಅಪ್ಪನ ಅಕ್ಕ, ನಮ್ಮ ಸೋದರತ್ತೆ ದೊಡ್ಡತಾಯಮ್ಮ, ಕೆ.ಆರ್. ನಗರದ ಕಡೆಯಿಂದ ಬಂದು ಅಪ್ಪನ ತಲೆ ತಬ್ಬಿಕೊಂಡು ಅಳ್ತಾವ್ಳೆ. ಅಪ್ಪ ಬಿಡಿಸ್ಕೊಳ್ಳಕ್ಕೆ ಒದ್ದಾಡ್ತಾವ್ನೆ. ಬಾಗಿಲ ಪಕ್ಕ ಶಿವನಂಜಪ್ಪ ಟವಲ್ಲು ಬಾಯಿಗೆ ಒತ್ಕೊಂಡು ನಿಂತವ್ನೆ.

"ನಂಗೇನೂ ಆಗಿಲ್ಲ ಕಣಕ್ಕಾ! ಎಷ್ಟ್ ಸಲ ಹೇಳ್ಬೇಕು!" ಅಂದ ಅಪ್ಪ.

"ಅಂಗೇ ಅನ್ಸ್ತದೆ ಮಗಾ. ಆದೋರ್ಗೇ ಗೊತ್ತಾಗಕ್ಕಿಲ್ವಂತೆ" ಅಂದ್ಲು ಅತ್ತೆ, ಇನ್ನೂ ಗಟ್ಟಿಯಾಗಿ ತಬ್ಬಿಕೊಂಡು.

"ನಾನೇ ಕಿವಿಯಾರೆ ಕೇಳಿವ್ನಿ" ಅಂದ ಶಿವನಂಜಪ್ಪ. "ನಿಮ್ಮ ಮಗ್ಳೇ ಬಸ್ ಸ್ಟ್ಯಾಂಡಲ್ಲಿ ಯಾರ್ಗೋ ಏಳ್ತಿದ್ಲು. ಎರಡನೇ ಸ್ಟ್ರೋಕು, ತಲೆಗೆ ಒಡೆದದೆ, ಮಾತಿಲ್ಲ, ಭಾನುವಾರ ದಾಟಕ್ಕಿಲ್ಲ, ಕೆ.ಆರ್. ನಗರದಲ್ಲಿ ಕೊಯ್ಸಬೇಕು ಅಂತ."

ಅಷ್ಟೂ ಜನ ನನ್ನ ಕಡೆ ತಿರುಗಿದ್ರು. ನಂಗೆ ನಗು ಬರ್ಬೇಕೋ ಅಳು ಬರ್ಬೇಕೋ ಗೊತ್ತಾಗ್ಲಿಲ್ಲ, ಕೋಪ ಬಂತು.

"ಎರಡನೇದು ಅಂದಿಲ್ಲ ಕಣಣ್ಣ! ಟೂ ಅಂದೆ!"

"ಟೂ ಅಂದ್ರೆ ಎರಡೇ ತಾನೇ ಕಣವ್ವ? ನಾನೂ ಏಳನೇ ಕ್ಲಾಸು ಓದಿವ್ನಿ."

ಅಡುಗೆಮನೆ ಬಾಗಿಲಿಂದ ಅವ್ವ ಸಿಡಿದ್ಲು. "ಆ ಮಾತ ಆಡ್ಬ್ಯಾಡಿ ಅಂತ ಬೋರ್ಡಿಗೇ ಸುಣ್ಣ ಬಳಿದಿವ್ನಿ. ಇವ್ಳು ಓಗಿ ಬಸ್ ಸ್ಟ್ಯಾಂಡಲ್ಲಿ ಸಾರಿ ಬಂದವ್ಳೆ! ಮಧ್ಯಾಹ್ನದಿಂದ ಕಾಫಿ ಕಾಸಿ ಕಾಸಿ ನನ್ ಸೊಂಟ ಓಯ್ತು!"

"ಅದು ಇಂಜಿನ್ನಿಂದು ಅತ್ತೆ, ಅಪ್ಪಂದಲ್ಲ" ಅಂತ ನಾನು ಹೇಳೋಕೆ ನೋಡಿದೆ. ಅತ್ತೆ ನನ್ನ ಕೆನ್ನೆ ಸವರಿ, ಪಕ್ಕದಲ್ಲಿದ್ದೋಳ ಕಿವೀಲಿ "ಮುಚ್ಚಿಡ್ತಾವ್ರೆ ಪಾಪ, ಅವ್ರ ಸಂಕಟ ಅವ್ರಿಗೆ" ಅಂದ್ಲು. ಎಲ್ಲಾರ್ಗೂ ಕೇಳಿಸ್ತು. ಆ ಪಕ್ಕದೋಳು ಮೂಸಂಬಿ ಸುಲಿದು ಒಂದು ತೊಳೆನ ಅಪ್ಪನ ಬಾಯಿ ಹತ್ರ ಹಿಡಿದ್ಲು, "ಆ... ಅನ್ನಣ್ಣ" ಅಂದ್ಲು.

ಅಪ್ಪನ ಕಿವಿ ಕೆಂಪಾಗಿದ್ದು ನೋಡ್ದೆ. ಒಂದೂವರೆ ವರ್ಷದಿಂದ ಆ ಬಣ್ಣ ನೋಡಿರ್ಲಿಲ್ಲ.

"ರೂಪಿ!" ಅಂದ. "ತಾರೆ ಇಲ್ಲಿ ಆ ಪಿಸ್ಟನ್ನ!"

ವೇಲ್ ಗಂಟು ಬಿಚ್ಚಿ ಮುಂದಕ್ಕೆ ಹಿಡಿದೆ. ಅಪ್ಪ ಬಲಗೈಲಿ ಎದುರಿಗಿದ್ದ ದೊಡ್ಡ ಸ್ಟೀಲ್ ಲೋಟ ತಗೊಂಡು, ಉಳಿದ ಕಾಫಿನ ಗಟಗಟ ಕುಡಿದು, ಲೋಟಾನ ಬೋರಲು ಹಿಡಿದ. ಪಿಸ್ಟನ್ ಹಿಡಿಯಕ್ಕೆ ಉಳಿದಿದ್ದು ಎಡಗೈ. ತೊಡೆ ಮೇಲಿದ್ದ ಆ ಕೈ ನಿಧಾನಕ್ಕೆ ಮೇಲೆದ್ದು ಬಂತು. ಬೆರಳು ಒಂದೊಂದಾಗಿ ಬಿಚ್ಕೊಂಡ್ವು. ಪಿಸ್ಟನ್ನನ್ನ ಹಿಡ್ಕೊಂಡ್ವು. ಅವ್ವ ಅಡುಗೆಮನೆ ಬಾಗಿಲು ಬಿಟ್ಟು ಮುಂದಕ್ಕೆ ಬಂದ್ಲು.

"ನೋಡಕ್ಕಾ. ಈ ಲೋಟ ಬ್ಯಾರಲ್ಲು. ಇದು ಪಿಸ್ಟನ್ನು. ಇದು ಒಳಗೆ ಮೇಲಕ್ಕೆ ಓಯ್ತದೆ," ಕೈ ಮೇಲಕ್ಕೆ ಹೋಯ್ತು, "ಕೆಳಕ್ಕೆ ಬತ್ತದೆ," ಕೈ ಕೆಳಕ್ಕೆ ಬಂತು. "ಇದಕ್ಕೇ ಕಣಕ್ಕಾ ಸ್ಟ್ರೋಕು ಅನ್ನೋದು. ಸ್ಟ್ರೋಕು! ಇದು ಉದ್ದ ಆಗಿ ತಲೆಗೆ ಒಡೀತಾ ಅದೆ. ಲೋಟದ ತಲೆಗೆ! ನನ್ನ ತಲೆಗಲ್ಲ!"

ಟಣ್ ಅಂತ ಪಿಸ್ಟನ್ನಲ್ಲಿ ಲೋಟದ ತಳಕ್ಕೆ ಕುಟ್ಟಿ ತೋರಿಸ್ದ. ಇನ್ನೊಂದ್ಸಲ ಕುಟ್ಟಿದ. ಮೂರನೇ ಸಲಕ್ಕೆ ಬೆರಳು ಸೋತ್ವು. ಪಿಸ್ಟನ್ನು ಜಾರಿ ಸಿಮೆಂಟ್ ನೆಲಕ್ಕೆ ಬಿದ್ದು, ಉರುಳಿ, ಗೋಡೆಗೆ ಹೋಗಿ ನಿಂತ್ಕೊಂತು. ಬಗ್ಗಿ ಎತ್ಕೊಂಡೆ. ಕೆಳಗಿನ ಅಂಚು ಚಕ್ಕೆ ಎದ್ದೋಗಿತ್ತು. ಇನ್ನು ಅದು ಗುಜರಿ ತಕ್ಕಡೀಗೆ ಹಾಕಕ್ಕೇ ಸರಿ, ಇಂಜಿನ್ನಿಗಲ್ಲ.

"ಪರವಾಗಿಲ್ಲ ಬುಡು ಮಗಾ" ಅಂದ್ಲು ಅತ್ತೆ. "ಪರವಾಗಿಲ್ಲ ಬುಡಿ" ಅಂದ್ಲು ಅವ್ವ. "ಏನಾಗಕ್ಕಿಲ್ಲ ಬುಡಣ್ಣ" ಅಂದ ಶಿವನಂಜಪ್ಪ. ನಡುಮನೆಯೆಲ್ಲ ಬುಡು ಬುಡು ಬುಡು. ಅಪ್ಪನ ಕಿವಿಯ ಕೆಂಪು ಇಳಿದೋಯ್ತು. ಕೈ ತಿರುಗಾ ತೊಡೆ ಮೇಲೆ ಹೋಗಿ ಕೂತ್ಕೊಂತು. ಕಣ್ಣು ಬಾಗಿಲಾಚೆ ರಸ್ತೆ ಹುಡುಕ್ತಿತ್ತು.

ನಂಗೆ ಏನಾಯ್ತೋ ಗೊತ್ತಿಲ್ಲ. ಬೆಳಗ್ಗಿಂದ ಅಲೆದ ಆಯಾಸ, ಬಾಗಿಲಲ್ಲಿ ಅತ್ತಿದ್ದು, ಆ ಪಿಸ್ಟನ್ನಿಗಾಗಿ ಗುಡ್ಡೆ ಕೆದಕಿದ್ದು, ಎಲ್ಲ ಒಟ್ಟಿಗೆ ನೆತ್ತಿಗೇರ್ತು.

"ಏನಪ್ಪಾ ಇದು!" ಅಂತ ಕಿರುಚಿದೆ. "ನಾನು ಊರೂರು ಸುತ್ತಿ ತಂದ್ರೆ ಒಂದ್ ಗಳಿಗೇಲಿ ಒಡೆದು ಹಾಕ್ಬುಟ್ಯಲ್ಲ! ಗಟ್ಟಿಯಾಗಿ ಹಿಡ್ಕೊಳಕ್ಕೇನು? ಕೈಗೇನ್ ರೋಗ ಬಂದಿತ್ತು?"

ಅತ್ತೆ ಸೆರಗು ಬಾಯಿಗೆ ಹೋಯ್ತು. ಅವ್ವ "ಅಯ್ಯೋ ನಿನ್ ಬಾಯಿಗೆ ಮಣ್ಣಾಕ" ಅಂದ್ಲು. ಆಗ ನಂಗೆ ತಿಳೀತು ನಾನು ಆಡ್ದ ಮಾತು ಎಂಥದು ಅಂತ. ಎಲ್ಲಾದ್ರೂ ಬಾವಿ ಇದ್ರೆ ಬಿದ್ದುಬುಡಾಣ ಅನ್ನಿಸ್ತು.

ಅಪ್ಪ ರಸ್ತೆ ಬಿಟ್ಟು ನನ್ನ ಮುಖ ನೋಡ್ದ.

"ಬಂದಿತ್ತು ಕಣೆ ರೋಗ!" ಅಂದ, ಅಷ್ಟೇ ಜೋರಾಗಿ. "ಸ್ಟ್ರೋಕು! ಬೋರ್ಡ್ ಮೇಲೆ ಬರೆಸಿರ್ಲಿಲ್ವಾ, ಓದಕ್ ಬರಲ್ವಾ ನಿಂಗೆ?"

ಅಪ್ಪನ ಹೊಟ್ಟೆ ಕುಲುಕಕ್ಕೆ ಶುರುವಾಯ್ತು. ನಗ್ತಾವ್ನೆ! ಕಣ್ಣಲ್ಲಿ ನೀರು ಬರೋವಷ್ಟು ನಕ್ಕ. ನಾನೂ ನಕ್ಕೆ, ಅತ್ತೂ ಬಿಟ್ಟೆ. ಶಿವನಂಜಪ್ಪ ಒಬ್ಬ ಟವಲ್ಲಿಂದ ಮುಖ ಒರೆಸ್ಕೊಂಡು "ಅಂಗಾದ್ರೆ ಎರಡನೇದು ಆಗಿಲ್ವಾ?" ಅಂದ.

"ಇನ್ನೊಂದ್ ವಿಷ್ಯ ಕೇಳು" ಅಂದ ಅಪ್ಪ ನಗು ನಿಲ್ಲಿಸಿ. "ಅದು ಬಿದ್ದಿದ್ದೇ ಒಳ್ಳೇದಾಯ್ತು. ಮುಂಡೇದೆ, ರಿಂಗಿನ ಮೊಳೆ ಎಲ್ಲದೆ ಅಂತ ನೋಡಿದ್ಯಾ?"

ನೋಡ್ದೆ. ಪಿಸ್ಟನ್ ಸುತ್ತ ಉಂಗುರದ ಥರ ರಿಂಗ್ ಕೂರ್ತದೆ, ಅದು ತಿರುಗದ ಹಂಗೆ ತಡೆಯಕ್ಕೆ ಕಾಳಿನಷ್ಟು ಒಂದ್ ಮೊಳೆ ಇರ್ತದೆ. ರಿಂಗಿನ ಎರಡು ತುದಿ ಸೇರೋದು ಅಲ್ಲೇ. ಈ ಪಿಸ್ಟನ್ನಲ್ಲಿ ಆ ಮೊಳೆ ಸರಿಯಾಗಿ ನಮ್ಮ ಬ್ಯಾರಲ್ಲಿನ ಕಿಂಡಿ ಎದುರಿಗಿತ್ತು. ಓಡೋವಾಗ ರಿಂಗಿನ ತುದಿ ಕಿಂಡಿಯೊಳಕ್ಕೆ ಸಿಡಿದು, ಸಿಕ್ಕಿ ಮುರಿದು, ಇಂಜಿನ್ನು ಇದ್ದಕ್ಕಿದ್ದಂಗೆ ಕಚ್ಕೊಂಡು ನಿಂತೋಗ್ತಿತ್ತು. ಕಾಂತರಾಜ್ ಹೊಲದಲ್ಲಿ ಹಾರಿ ಬೀಳ್ತಿದ್ದ. ತೂತು, ಪಿನ್ನು, ತಲೆ ಅಂತ ಎಲ್ಲ ಅಳೆದ ನಾನು ಇದೊಂದನ್ನ ನೋಡಿರ್ಲಿಲ್ಲ.

"ಆ ಸ್ಕೂಟರಿಂದು ಬ್ಯಾಡ ಅಂತ ಇಟ್ಟಿದ್ಯಲ್ಲ, ಅದೇ ಸರಿ" ಅಂದ ಅಪ್ಪ. "ಅದ್ರ ಮೊಳೆ ಕಿಂಡಿ ಇಲ್ದಿರೋ ಗೋಡೆ ಕಡೆ ಅದೆ. ತೂತು ಸಣ್ಣ ಅಂತ ತಾನೆ ನಿನ್ ತಕರಾರು? ಪಿನ್ನೂ ಅದ್ರದ್ದೇ ಹಾಕು. ಒಳಗೆ ಸಣ್ಣ, ಆಚೆ ನಮ್ಮ ಅಳತೆ ಇರೋ ಬೇರಿಂಗು ಕೆ.ಆರ್. ನಗರದಲ್ಲೇ ಸಿಕ್ತದೆ. ಪಿಸ್ಟನ್ ಹಿಂದ್ಗಡೆ ಗಾಳಿ-ಪೆಟ್ರೋಲು ನುಗ್ಗಕ್ಕೆ ಎರಡು ಕಿಂಡಿ ಕೊರೀಬೇಕು, ಅಷ್ಟೇ. ಅದ್ನ ನೀನ್ ಮುಟ್ಬ್ಯಾಡ, ಹಾಳ್ ಮಾಡ್ತೀಯ. ನಾನ್ ಉಜ್ಜಿ ಕೊಡ್ತೀನಿ."

ಸ್ಕೂಟರ್ ಪಿಸ್ಟನ್ನಿನ ಮೊಳೆ ಎಲ್ಲದೆ ಅಂತ ಅಪ್ಪಂಗೆ ಹೆಂಗ್ ಗೊತ್ತು? ಸ್ಟೂಲಿನ ಮೇಲಿಟ್ಟಾಗ ರಸ್ತೆ ನೋಡ್ತಿದ್ನಲ್ಲ! ಅಂದ್ರೆ ನಾನು ಒಳಗೆ ಹೋದಾಗ, ಯಾರೂ ಇಲ್ದಾಗ, ಕೈಗೆತ್ಕೊಂಡು ತಿರುಗಿಸಿ ತಿರುಗಿಸಿ ನೋಡವ್ನೆ. ಬೀಳಿಸ್ಬುಟ್ಟೇನು ಅನ್ನೋ ಹೆದರಿಕೇಲಿ ನಮ್ಮೆದುರಿಗೆ ಮುಟ್ಟಿಲ್ಲ. ಬೀಳೋದಲ್ಲ, ಬಿದ್ಮೇಲೆ ನಾವು ಪರವಾಗಿಲ್ಲ ಬುಡು ಅಂತೀವಲ್ಲ, ಅದ್ರ ಹೆದರಿಕೆ.

ಮಾರನೇ ದಿನ ಅಪ್ಪ ಕುರ್ಚೀನ ಬಾಗಿಲಿಂದ ಎಳ್ಕೊಂಡು ಬಂದು ನನ್ನ ಕೆಲ್ಸದ ಬೆಂಚಿನ ಪಕ್ಕ ಹಾಕ್ಕೊಂಡ. ತೊಡೆ ಮೇಲೆ ಗೋಣಿಚೀಲ ಮಡಚಿ ಹಾಸಿ, ಅದ್ರ ಮೇಲೆ ಸ್ಕೂಟರ್ ಪಿಸ್ಟನ್ ಇಟ್ಟು, ಎಡಗೈಲಿ ಒತ್ತಿ ಹಿಡ್ಕೊಂಡು, ಬಲಗೈಲಿ ಅರ ತಗೊಂಡು ಉಜ್ಜಕ್ಕೆ ಶುರು ಮಾಡ್ದ. ಸರ ಸರ ಸರ. ಬೆಳ್ಳಿ ಪುಡಿ ಗೋಣಿ ಮೇಲೆ ಉದುರ್ತಿತ್ತು. ನಾನು ಇಂಜಿನ್ನಿನ ಪೇಟಿ ಒರೆಸೋ ಹಂಗೆ ನಾಟಕ ಆಡ್ಕೊಂಡು ಆ ಕೈನೇ ನೋಡ್ತಿದ್ದೆ.

ಒಂದ್ ಕಿಂಡಿ ಮುಗೀತು. ಎರಡನೇದಕ್ಕೆ ತಿರುಗಿಸೋವಾಗ ಪಿಸ್ಟನ್ನು ಸರಕ್ಕಂತ ಜಾರ್ತು. ಗೋಣಿ ಮಡಿಕೇಲಿ ಸಿಕ್ಕಿ ನಿಂತ್ಕೊಂತು, ನೆಲಕ್ಕೆ ಬೀಳ್ಲಿಲ್ಲ. ನನ್ನ ನಾಲಿಗೆ ತುದಿಗೆ ಅದೇ ಹಳೇ ಮಾತು ಬಂದಿತ್ತು. ನುಂಗ್ಕೊಂಡೆ.

ಅಪ್ಪ ಅರ ನಿಲ್ಲಿಸಿ ನನ್ನ ಕಡೆ ನೋಡ್ದ.

"ಯಾಕೆ ಸುಮ್ಕಿದ್ದೀಯ?"

"ಏನಿಲ್ಲಪ್ಪಾ."

"ಈ ಕೈ ಇನ್ನೂ ಜಾರ್ತದೆ ಕಣೆ ರೂಪಿ. ಒಂದ್ಸಲ ಅಲ್ಲ, ನೂರ್ ಸಲ ಜಾರ್ತದೆ. ಜಾರಿದಾಗೆಲ್ಲ ಬೈಯಿ. ಪರವಾಗಿಲ್ಲ ಬುಡು ಅಂದ್ರೆ ಮಾತ್ರ ನಾನು ಎದ್ದೋಗಿ ರಸ್ತೆ ನೋಡ್ಕೊಂಡು ಕೂತ್ಬುಡ್ತೀನಿ."

ಕೈಲಿದ್ದ ಬಟ್ಟೆ ಬೆಂಚಿಗೆ ಬಿಸಾಕಿದೆ. ಬೈದೆ. ಕಣ್ಣು ಕಿತ್ ಬೀದೀಲಿಟ್ಟಿದ್ಯಾ, ಭಾನುವಾರ ಹತ್ರ ಬಂತು, ಹಿಂಗ್ ಉಜ್ತಾ ಕೂತ್ರೆ ಮುಂದಿನ್ ಯುಗಾದಿಗೆ ಮುಗೀತದೆ ಅಂತ ಬಾಯಿಗೆ ಬಂದಂಗೆ ಬೈದೆ. ಅಪ್ಪ ಅದಕ್ಕೆರಡರಷ್ಟು ತಿರುಗಿಸಿ ಕೊಟ್ಟ. ಎದುರುಗಡೆ ಟೀ ಅಂಗಡೀಲಿ ಯಾರೋ ಇನ್ನೊಂದು ಟೀ ಹೇಳಿದ್ರು.

ಅವ್ವ ಒಳಗಿಂದ ಬಂದ್ಲು. ಏನಾದ್ರೂ ಅಂತಾಳೆ ಅಂದ್ಕೊಂಡೆ. ಅವ್ಳ ಕೈಯಲ್ಲಿ ನೀರಿನ ಚೊಂಬು, ತೆಂಗಿನ ನಾರು. ನಮ್ಮಿಬ್ರನ್ನೂ ನೋಡ್ಲಿಲ್ಲ. ಆಚೆ ಹೋಗಿ, ಏಣಿನ ಬೋರ್ಡಿನ ಸುಣ್ಣದ ಪಟ್ಟೆ ಪಕ್ಕಕ್ಕೆ ಒರಗಿಸಿ, "ರೂಪಿ, ಬೈದಿದ್ ಸಾಕು, ಬಂದು ಏಣಿ ಹಿಡ್ಕೊ" ಅಂದ್ಲು.